ಹಾಸಿಗೆ ಇದ್ದಷ್ಟೇ ಕಾಲು ಚಾಚಿ

ಮೈಲಾಪುರದ ನಾಗೇಶ್ವರ ರಾವ್ ಪಾರ್ಕಿನಲ್ಲಿ ಬೆಳಗಿನ ಆರು ಗಂಟೆಗೆ ಕೂತವರು ಕಡಿಮೆ, ನಡೆಯುವವರೇ ಜಾಸ್ತಿ. ಬಿಳಿ ಪಂಚೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ತಾತಂದಿರು, ಸೀರೆಯುಟ್ಟು ಕ್ಯಾನ್ವಾಸ್ ಶೂ ತೊಟ್ಟ ಮಾಮಿಯರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು. ನಾನು ಮಾತ್ರ ಗೇಟಿಗೆ ಹತ್ತಿರದ ಬೆಂಚಿನ ಮೇಲೆ ಕೂತಿರುತ್ತೇನೆ. ಕಳೆದ ತಿಂಗಳು ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ತಮ್ಮ ಮೂರನೇ ಸುತ್ತಿನಲ್ಲಿ ನನ್ನ ಮುಂದೆ ನಿಂತು, “ಏನಮ್ಮಾ, ಪಾರ್ಕಿಗೆ ಬಂದು ಕೂತುಬಿಟ್ಟಿದ್ದೀಯಲ್ಲ! ಎದ್ದು ಎರಡು ರೌಂಡ್ ಹಾಕು, ಸುಸ್ತೆಲ್ಲ ಹಾರಿಹೋಗುತ್ತೆ” ಅಂದರು. “ನನ್ನ ಇವತ್ತಿನ ವಾಕಿಂಗ್ ಮುಗೀತು ಸಾರ್” ಅಂದೆ. ಅವರು ನಕ್ಕು ಮುಂದೆ ಹೋದರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ತಮಾಷೆಯಲ್ಲ. ಸ್ಕೂಟರ್ ಇಳಿದು, ಗೇಟು ದಾಟಿ, ಒಂದು ಮರದವರೆಗೆ ಹೋಗಿ ವಾಪಸು ಬಂದು ಕೂತಿದ್ದೆ. ಆರು ನಿಮಿಷ. ಆ ದಿನದ ನನ್ನ ಪಾಲು ಅಷ್ಟೇ. ನಮ್ಮವರು ತಮ್ಮ ನಾಲ್ಕು ಸುತ್ತು ಮುಗಿಸಿ ಬರುವ ತನಕ ನಾನು ಅಲ್ಲಿ ಮರಗಳನ್ನು ನೋಡುತ್ತಾ ಕೂರುತ್ತೇನೆ. ಆ ಹಿರಿಯರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜ್ವರ ಹೋಯಿತು, ಸುಸ್ತು ಉಳಿಯಿತು

ನಾನು ನಂಜನಗೂಡಿನವಳು. ಮದುವೆಯಾಗಿ 1994ರಲ್ಲಿ ಮದರಾಸಿಗೆ ಬಂದೆ. ಊರಿಗೆ ಚೆನ್ನೈ ಎಂದು ಹೆಸರು ಬದಲಾಗಲು ಇನ್ನೂ ಎರಡು ವರ್ಷವಿತ್ತು. ನಮ್ಮವರಿಗೆ ಬ್ಯಾಂಕಿನ ಕೆಲಸ. ನಾನು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ಬಸ್ಸು ಹಿಡಿದು, ಐದು ಪೀರಿಯಡ್ ನಿಂತೇ ಪಾಠ ಮಾಡಿ, ಸಂಜೆ ಬಂದು ಮತ್ತೆ ಟ್ಯೂಷನ್. “ನಿನಗೆ ಸುಸ್ತೇ ಆಗಲ್ವೇನೇ?” ಎಂದು ನಮ್ಮತ್ತೆ ಕೇಳುತ್ತಿದ್ದರು.

2006ರ ಅಕ್ಟೋಬರಿನಲ್ಲಿ ಚಿಕುನ್‌ಗುನ್ಯಾ ಬಂತು. ಆ ವರ್ಷ ಯಾರ ಮನೆಗೆ ಬರಲಿಲ್ಲ ಹೇಳಿ! ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವೇ. ಅತ್ತ ಫೋನ್ ಮಾಡಿದರೆ ನಂಜನಗೂಡಿನಲ್ಲಿ ಅಮ್ಮನೂ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಅಮ್ಮ ಎರಡು ತಿಂಗಳಲ್ಲಿ ಎದ್ದು ಓಡಾಡಿದಳು. ನನಗೂ ಜ್ವರ ಒಂದು ವಾರಕ್ಕೆ ಇಳಿಯಿತು, ಕೀಲುನೋವು ಮೂರ್ನಾಲ್ಕು ತಿಂಗಳಿಗೆ ಹತೋಟಿಗೆ ಬಂತು. ಸುಸ್ತು ಮಾತ್ರ ಹೋಗಲಿಲ್ಲ.

‘ಸುಸ್ತು’ ಎಂಬ ಮಾತೇ ಇಲ್ಲಿ ತೊಂದರೆ ಕೊಡುವುದು. ಮದುವೆಮನೆಯಲ್ಲಿ ಓಡಾಡಿ ಬಂದರೆ ಆಗುವುದಕ್ಕೂ ಸುಸ್ತು ಎನ್ನುತ್ತೇವೆ. ಅದು ಮಲಗಿ ಎದ್ದರೆ ಹೋಗುತ್ತದೆ. ನನ್ನದು ಹಾಗಲ್ಲ. ಹತ್ತು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಕಲ್ಲು ಹೊತ್ತವಳಂತೆ ಏಳುತ್ತಿದ್ದೆ. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದವಳಿಗೆ ಮುಂದಿನ ಸಾಲು ಮರೆತುಹೋಗುತ್ತಿತ್ತು. ನಿಂತರೆ ತಲೆ ಹಗುರಾಗಿ ಎದೆ ಡವಡವ. ಎಲ್ಲಕ್ಕಿಂತ ವಿಚಿತ್ರವೆಂದರೆ, ಕೆಲಸ ಮಾಡಿದ ದಿನ ಹೇಗೋ ನಡೆದುಹೋಗುತ್ತಿತ್ತು. ಮರುದಿನ, ಅಥವಾ ಅದರ ಮರುದಿನ, ನೆಲಕ್ಕೆ ಬೀಳುತ್ತಿದ್ದೆ. ಗಂಟಲು ಕೆರೆತ, ಮೈಕೈ ನೋವು, ಬೆಳಕು ಕಂಡರಾಗದು, ಮಿಕ್ಸಿಯ ಸದ್ದು ಕೇಳಿದರೆ ಅಳು.

ಎರಡೂವರೆ ವರ್ಷ ಪರೀಕ್ಷೆಗಳು ನಡೆದವು. ರಕ್ತಹೀನತೆ ಇಲ್ಲ, ಥೈರಾಯ್ಡ್ ಸರಿ, ಸಕ್ಕರೆ ಸರಿ, ಬಿ12 ಸ್ವಲ್ಪ ಕಡಿಮೆ ಇದ್ದದ್ದು ಇಂಜೆಕ್ಷನ್ ತಗೊಂಡ ಮೇಲೆ ಸರಿ. “ಮನಸ್ಸಿಗೆ ಏನಾದರೂ ಬೇಜಾರಾ?” ಎಂದು ಕೇಳಿದರು. ಬೇಜಾರು ಇಲ್ಲದೆ ಇರುತ್ತದೆಯೇ? 2008ರಲ್ಲಿ ಕೆಲಸ ಬಿಟ್ಟಿದ್ದೆ. ನೆಂಟರೊಬ್ಬರು ನನ್ನೆದುರಿಗೇ “ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು” ಎಂದಿದ್ದರು. 2009ರಲ್ಲಿ ಒಬ್ಬ ವೈದ್ಯರು ಕಾಗದದ ಮೇಲೆ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂದು ಬರೆದರು. ಹೆಸರು ಸಿಕ್ಕಿತಲ್ಲ ಎಂದು ಆ ದಿನ ಆಟೋದಲ್ಲಿ ಅತ್ತುಬಿಟ್ಟೆ.

ದಿನಾ ಐದು ನಿಮಿಷ ಜಾಸ್ತಿ

ಆ ವೈದ್ಯರು ಕೊಟ್ಟ ಸಲಹೆ ಆ ಕಾಲಕ್ಕೆ ಪುಸ್ತಕದಲ್ಲಿದ್ದ ಸಲಹೆಯೇ. ಮಲಗಿ ಮಲಗಿ ಮೈ ಜಡ್ಡುಗಟ್ಟಿದೆ, ನಿಧಾನವಾಗಿ ನಡಿಗೆ ಹೆಚ್ಚಿಸಬೇಕು, ಸುಸ್ತಾದರೂ ನಿಲ್ಲಿಸಬಾರದು. ಮೊದಲ ವಾರ ಐದು ನಿಮಿಷ, ಎರಡನೇ ವಾರ ಹತ್ತು, ಹೀಗೆ.

ನಮ್ಮವರು ಅದನ್ನು ವ್ರತದಂತೆ ಹಿಡಿದರು. ಇದೇ ಪಾರ್ಕಿಗೆ, ಬೆಳಿಗ್ಗೆ ಐದೂವರೆಗೆ, ಕೈ ಹಿಡಿದು ಎಬ್ಬಿಸಿಕೊಂಡು ಬರುತ್ತಿದ್ದರು. ಕ್ಯಾಲೆಂಡರಿನಲ್ಲಿ ಪ್ರತಿದಿನ ಟಿಕ್ ಹಾಕುತ್ತಿದ್ದರು. ನನಗೂ ಹುರುಪು. ಏಳನೇ ವಾರ ಮೂವತ್ತೈದು ನಿಮಿಷ ಮುಟ್ಟಿದೆವು. ಲಝ್ ಕಾರ್ನರಿನಲ್ಲಿ ಕಾಫಿ ಕುಡಿದು ಖುಷಿಪಟ್ಟೆವು. ಮೂರನೇ ದಿನ ಬೆಳಿಗ್ಗೆ ಏಳಲು ಹೋದರೆ ತಲೆ ಎತ್ತಲು ಆಗಲಿಲ್ಲ. ಆ ಹಾಸಿಗೆಯಿಂದ ಮನೆಯೊಳಗೆ ಓಡಾಡುವಷ್ಟಾಗಲು ನಾಲ್ಕು ತಿಂಗಳು ಹಿಡಿಯಿತು. ಮಗಳಿಗೆ ಆಗ ಹನ್ನೆರಡು ವರ್ಷ. ಶಾಲೆಗೆ ಹೋಗುವ ಮುಂಚೆ ನನಗೆ ತಲೆ ಬಾಚಿ ಹೋಗುತ್ತಿದ್ದಳು.

ಮತ್ತೆ ಪಾರ್ಕಿಗೆ ಕರೆಯಲಿಲ್ಲ ನಮ್ಮವರು. ಆದರೆ ಅವರ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಉಳಿದಿತ್ತು, ನನ್ನ ಮನಸ್ಸಿನಲ್ಲೂ ಇತ್ತು: ಇನ್ನೊಂದು ಸ್ವಲ್ಪ ಗಟ್ಟಿ ಮನಸ್ಸು ಮಾಡಿದ್ದರೆ ದಾಟಿಬಿಡುತ್ತಿದ್ದೆವೇನೋ. ಹನ್ನೆರಡು ವರ್ಷ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಏನಿದು ಕಾಯಿಲೆ?

ಈಗ ಇದನ್ನು ಎಂಇ/ಸಿಎಫ್‌ಎಸ್ ಎನ್ನುತ್ತಾರೆ. ಎಂಇ ಎಂಬ ಹೆಸರಿನ ಹಿಂದೆ 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲೇ ಹರಡಿದ ಒಂದು ಕಾಯಿಲೆಯ ಕಥೆ ಇದೆ. ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬುದು 1988ರಲ್ಲಿ ಅಮೆರಿಕದವರು ಕೊಟ್ಟ ಹೆಸರು. ಇಡೀ ಕಾಯಿಲೆಯನ್ನು ‘ಸುಸ್ತು’ ಎಂಬ ಒಂದೇ ಮಾತಿಗೆ ಇಳಿಸಿದ್ದರಿಂದ ಅದು ರೋಗಿಗಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತು.

2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ದೊಡ್ಡ ವರದಿ ತಂದಿತು. ಆಗ ಕಾಲೇಜಿನಲ್ಲಿದ್ದ ಮಗಳು ಅದರ ಮುಖ್ಯ ಪುಟಗಳನ್ನು ಪ್ರಿಂಟ್ ತೆಗೆದು ತಂದು ನನ್ನ ಹಾಸಿಗೆಯ ಪಕ್ಕ ಕೂತು ಓದಿದಳು. ರೋಗ ಗುರುತಿಸಲು ಅದರಲ್ಲಿ ಹೇಳಿರುವುದು ಇಷ್ಟು: ಆರು ತಿಂಗಳಿಗೂ ಮೀರಿ, ಮೊದಲಿನಂತೆ ಕೆಲಸ ಮಾಡಲಾಗದಷ್ಟು ಬಳಲಿಕೆ, ಶ್ರಮಪಟ್ಟ ನಂತರ ಎಲ್ಲ ಲಕ್ಷಣಗಳೂ ಉಲ್ಬಣಿಸುವುದು, ನಿದ್ರೆ ಮಾಡಿದರೂ ಚೇತರಿಕೆ ಇಲ್ಲದಿರುವುದು. ಇವು ಮೂರರ ಜೊತೆಗೆ ಯೋಚನೆ-ನೆನಪಿನ ತೊಡಕು, ಇಲ್ಲವೇ ನಿಂತಾಗ ಹೆಚ್ಚಾಗುವ ತೊಂದರೆ, ಎರಡರಲ್ಲಿ ಒಂದಾದರೂ ಇರಬೇಕು. ಎರಡನೆಯದೇ ಈ ಕಾಯಿಲೆಯ ಹೆಗ್ಗುರುತು. ಸಾಮಾನ್ಯವಾಗಿ ಶ್ರಮದ 12ರಿಂದ 48 ಗಂಟೆಗಳ ನಂತರ ಅದು ಹೊಡೆಯುತ್ತದೆ, ದಿನಗಟ್ಟಲೆ, ವಾರಗಟ್ಟಲೆ ಉಳಿಯಬಹುದು. “ಅಮ್ಮಾ, ನಿನ್ನ ಮೂರನೇ ದಿನದ ಕಥೆ ಇಲ್ಲೇ ಇದೆ” ಎಂದಳು ಮಗಳು.

ಕಾರಣ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದರೆ ಅನೇಕರಿಗೆ ಒಂದು ಸೋಂಕಿನ ಬೆನ್ನಿಗೆ ಇದು ಶುರುವಾಗುತ್ತದೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತಮುತ್ತ ನಡೆಸಿದ ಅಧ್ಯಯನವೊಂದು ನಾನು ಜ್ವರದಲ್ಲಿ ಮಲಗಿದ್ದ 2006ರಲ್ಲೇ ಪ್ರಕಟವಾಗಿತ್ತು. ಮೂರು ಬೇರೆ ಬೇರೆ ಸೋಂಕುಗಳಿಗೆ ತುತ್ತಾದ 253 ಜನರನ್ನು ಅವರು ಹಿಂಬಾಲಿಸಿ ನೋಡಿದರು. ಆರು ತಿಂಗಳ ನಂತರವೂ ಸುಮಾರು ನೂರಕ್ಕೆ ಹನ್ನೊಂದು ಮಂದಿಗೆ ಈ ಕಾಯಿಲೆಯಿತ್ತು. ಆ ಮೂರರಲ್ಲಿ ಒಂದಾದ ರಾಸ್ ರಿವರ್ ವೈರಸ್, ಸೊಳ್ಳೆಯಿಂದ ಹರಡುವ, ಚಿಕುನ್‌ಗುನ್ಯಾದ ಹತ್ತಿರದ ಸಂಬಂಧಿ. ಕೋವಿಡ್ ಬಂದ ಮೇಲೆ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜ್ವರ ಹೋದರೂ ಮೊದಲಿನಂತಾಗದವರು ಈಗ ಎಲ್ಲರ ಬಳಗದಲ್ಲೂ ಒಬ್ಬರಿದ್ದಾರೆ.

ಹಾಗೆಂದು ಸುಸ್ತಿರುವ ಎಲ್ಲರಿಗೂ ಇದೇ ಕಾಯಿಲೆ ಎಂದುಕೊಳ್ಳಬಾರದು. ಗೋವಾದಲ್ಲಿ ಸುಮಾರು 2,500 ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಹನ್ನೆರಡು ಮಂದಿ ಆರು ತಿಂಗಳಿಗೂ ಮೀರಿದ ಸುಸ್ತು ಹೇಳಿಕೊಂಡರು. ಅದಕ್ಕೆ ನಂಟಿದ್ದದ್ದು ಬಡತನ ಮತ್ತು ಮನಸ್ಸಿನ ನೋವಿನ ಜೊತೆಗೆ. ಅಚ್ಚರಿಯೆಂದರೆ ಹಿಮೋಗ್ಲೋಬಿನ್ ಮಟ್ಟದ ಜೊತೆಗೆ ನಂಟು ಕಾಣಲಿಲ್ಲ. ಆದ್ದರಿಂದ ರಕ್ತ, ಥೈರಾಯ್ಡ್, ಸಕ್ಕರೆ, ಕ್ಷಯ, ನಿದ್ರೆಯ ತೊಂದರೆ, ಖಿನ್ನತೆ, ಇವೆಲ್ಲವನ್ನೂ ವೈದ್ಯರು ನೋಡಿಯೇ ತೀರ್ಮಾನಿಸಬೇಕು.

ಪುಸ್ತಕ ಬದಲಾಯಿತು

ವ್ಯಾಯಾಮದ ಸಲಹೆಯ ಕಥೆ ಸ್ವಲ್ಪ ಹೇಳಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಎಂಬ ಸಂಸ್ಥೆ 2007ರಲ್ಲಿ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಕ್ರಮವನ್ನು ಒಪ್ಪಿತ್ತು. 2011ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, 641 ರೋಗಿಗಳ ಮೇಲೆ ನಡೆದ ‘ಪೇಸ್’ ಪ್ರಯೋಗ ಅದಕ್ಕೆ ಮತ್ತಷ್ಟು ಬಲ ಕೊಟ್ಟಿತು. ಆದರೆ ರೋಗಿಗಳೇ ಕೂತು ಅದರ ಲೆಕ್ಕ ಬಿಡಿಸಿದರು. ‘ಗುಣವಾದರು’ ಎನ್ನುವುದಕ್ಕೆ ಮೊದಲು ಇಟ್ಟುಕೊಂಡಿದ್ದ ಅಳತೆಗೋಲನ್ನು ಆಮೇಲೆ ಸಡಿಲಿಸಿದ್ದು ಬಯಲಾಯಿತು. ಮೂಲ ಅಳತೆಯಲ್ಲೇ ಮತ್ತೆ ಎಣಿಸಿದಾಗ ಗುಣವಾದವರ ಸಂಖ್ಯೆ ಬಹಳ ಇಳಿಯಿತು. ಗಣಿತದ ಮೇಷ್ಟ್ರಾಗಿದ್ದ ನನಗೆ ಇದನ್ನು ಓದಿದಾಗ ಆದ ಸಂಕಟ ಬೇರೆಯದೇ.

ಇನ್ನೊಂದು ಪರೀಕ್ಷೆಯೂ ಕಣ್ಣು ತೆರೆಸುವಂಥದ್ದು. ಒಬ್ಬರನ್ನು ಎರಡು ದಿನ ಸತತವಾಗಿ ಸೈಕಲ್ ತುಳಿಸಿ, ಉಸಿರಾಟ ಅಳೆಯುತ್ತಾರೆ. ಬರೀ ಅಭ್ಯಾಸ ತಪ್ಪಿದ ಸೋಮಾರಿ ಮೈಯಾದರೂ ಎರಡನೇ ದಿನ ಹೆಚ್ಚುಕಡಿಮೆ ಮೊದಲ ದಿನದಷ್ಟೇ ಮಾಡುತ್ತದೆ. ನಮ್ಮಂಥವರಲ್ಲಿ ಎರಡನೇ ದಿನ ಆ ಸಾಮರ್ಥ್ಯವೇ ಕುಸಿದಿರುತ್ತದೆ. ಮನಸ್ಸು ಗಟ್ಟಿ ಮಾಡುವ ಮಾತು ಇಲ್ಲಿ ನಡೆಯುವುದಿಲ್ಲ.

2017ರಲ್ಲಿ ಅಮೆರಿಕದ ಸಿಡಿಸಿ ಆ ವ್ಯಾಯಾಮದ ಸಲಹೆಯನ್ನು ಕೈಬಿಟ್ಟಿತು. 2021ರ ಅಕ್ಟೋಬರಿನಲ್ಲಿ ನೈಸ್ ಹೊಸ ಮಾರ್ಗಸೂಚಿ ಹೊರಡಿಸಿ, ವಾರವಾರಕ್ಕೆ ಇಷ್ಟಿಷ್ಟು ಎಂದು ಏರಿಸುವ ವ್ಯಾಯಾಮವನ್ನು ಈ ರೋಗಿಗಳಿಗೆ ಕೊಡಬಾರದು ಎಂದಿತು. ಚಟುವಟಿಕೆಯೇ ಬೇಡ ಎಂದು ಅದು ಹೇಳಿಲ್ಲ. ಇರುವ ಶಕ್ತಿಯ ಮಿತಿಯೊಳಗೆ ಬದುಕುವುದು ಮೊದಲು. ಹೆಚ್ಚಿಸುವ ಹುಮ್ಮಸ್ಸು ರೋಗಿಗೇ ಬಂದರೆ, ತಿಳಿದವರ ಮೇಲ್ವಿಚಾರಣೆಯಲ್ಲಿ, ಹಿಂದಕ್ಕೆ ಸರಿಯಲೂ ಅವಕಾಶವಿಟ್ಟುಕೊಂಡು ಮಾಡಬಹುದು.

ಆ ಸುದ್ದಿಯನ್ನು ನಮ್ಮವರು ಮೊಬೈಲಿನಲ್ಲಿ ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟು, “ನಾನೇ ಅಲ್ವೇನೇ ನಿನ್ನ ಎಬ್ಬಿಸಿಕೊಂಡು ಹೋಗ್ತಿದ್ದದ್ದು” ಅಂದರು. ನಾನು, “ನೀವು ನನ್ನ ಒಳ್ಳೇದಕ್ಕೇ ಮಾಡಿದ್ರಿ. ಅವರು ಹೇಳಿದ್ದನ್ನೇ ಮಾಡಿದ್ರಿ” ಅಂದೆ. ಅವರು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು. ಹನ್ನೆರಡು ವರ್ಷ ಆಡದೇ ಇಟ್ಟುಕೊಂಡಿದ್ದ ಮಾತು ಆವತ್ತು ಮುಗಿಯಿತು. ಆ ವೈದ್ಯರ ಮೇಲೂ ನನಗೆ ಸಿಟ್ಟಿಲ್ಲ. ಕಾಯಿಲೆಗೆ ಹೆಸರು ಕೊಟ್ಟವರು ಅವರೇ.

ನನ್ನ ಲೆಕ್ಕಪುಸ್ತಕ

ಶಕ್ತಿಯನ್ನು ಹಂಚಿಕೊಂಡು ಬದುಕುವ ಈ ಕ್ರಮಕ್ಕೆ ಇಂಗ್ಲಿಷಿನಲ್ಲಿ ಪೇಸಿಂಗ್ ಎನ್ನುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯಲ್ಲಿ ಅದು ಪೂರ್ತಿ ಇದೆ. ಕಷ್ಟವೆಂದರೆ ಹಾಸಿಗೆ ಎಷ್ಟು ಉದ್ದವಿದೆ ಎಂದು ಕಂಡುಕೊಳ್ಳುವುದು. ನಾನು ಮಾಡಿದ್ದು ಹೀಗೆ.

ಮೊದಲು ಒಂದು ತಿಂಗಳು ಡೈರಿ ಬರೆದೆ. ಏನು ಮಾಡಿದೆ, ಎಷ್ಟು ಹೊತ್ತು, ಮೂರು ದಿನದವರೆಗೆ ಹೇಗಿದ್ದೆ. ಬೀಳುವುದು ತಡವಾಗಿ ಆದ್ದರಿಂದ ಸೋಮವಾರದ ತಪ್ಪು ಬುಧವಾರ ಕಾಣುತ್ತದೆ. ಬರೆಯದಿದ್ದರೆ ಸಂಬಂಧವೇ ತಿಳಿಯುವುದಿಲ್ಲ. ಬರೆದ ಮೇಲೆ ಗೊತ್ತಾಯಿತು, ನನ್ನನ್ನು ಬೀಳಿಸುತ್ತಿದ್ದದ್ದು ‘ಒಳ್ಳೆಯ ದಿನ’ಗಳು. ಮೈ ಹಗುರವಿದೆ ಎಂದು ಬಟ್ಟೆಯ ಬೀರು ಜೋಡಿಸುವುದು, ಆಮೇಲೆ ಒಂದು ವಾರ ಮಲಗುವುದು. ಈಗ ಒಳ್ಳೆಯ ದಿನವೂ ಅಷ್ಟೇ ಕೆಲಸ, ಸಾಧಾರಣ ದಿನವೂ ಅಷ್ಟೇ. ಕೆಟ್ಟ ದಿನ ಅದರಲ್ಲಿ ಅರ್ಧ.

ಎರಡನೆಯದು ನಾಡಿ. ಬೆಳಿಗ್ಗೆ ಏಳುವ ಮುಂಚೆ ಏಳು ದಿನ ನಾಡಿ ಎಣಿಸಿ ಸರಾಸರಿ ತೆಗೆಯಬೇಕು. ಅದರ ಮೇಲೆ 15 ಬಡಿತದೊಳಗೆ ದಿನದ ಕೆಲಸ ನಡೆಯಬೇಕು. ರೋಗಿಗಳ ನಡುವೆ ಬಹಳ ಬಳಕೆಯಲ್ಲಿರುವ ಅಂದಾಜು ಇದು. ನನ್ನದು 72, ಹಾಗಾಗಿ ಗೆರೆ 87ಕ್ಕೆ. ಮಗಳು ಕೊಡಿಸಿದ ಕೈಗಡಿಯಾರ ಅದನ್ನು ದಾಟಿದರೆ ಗುಂಯ್ ಎನ್ನುತ್ತದೆ. ಮೊದಲ ದಿನ ಅದು ಗುಂಯ್ ಎಂದಿದ್ದು ಪಾರ್ಕಿನಲ್ಲಲ್ಲ, ಬಚ್ಚಲುಮನೆಯಲ್ಲಿ! ನಿಂತು ತಲೆಗೆ ಸ್ನಾನ ಮಾಡುವಾಗ 112. ಈಗ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇದೆ, ತಲೆಸ್ನಾನದ ದಿನ ಬೇರೆ ಕೆಲಸವಿಲ್ಲ. ಕೆಲವು ರಕ್ತದೊತ್ತಡದ ಮಾತ್ರೆಗಳು ನಾಡಿಯನ್ನು ಇಳಿಸುವುದರಿಂದ ಅಂಥವರಿಗೆ ಈ ಲೆಕ್ಕ ಹೊಂದುವುದಿಲ್ಲ, ವೈದ್ಯರನ್ನು ಕೇಳಿಕೊಳ್ಳಬೇಕು.

ಮೂರನೆಯದು ಅಡುಗೆಮನೆ. ಈಳಿಗೆಮಣೆ ಅಟ್ಟ ಸೇರಿತು. ನೆಲದಲ್ಲಿ ಕೂತು ಏಳುವುದೇ ನನಗೆ ಒಂದು ವ್ಯಾಯಾಮ. ಮೇಜಿನ ಮೇಲೆ ಚಾಕುವಿನಲ್ಲಿ ಹೆಚ್ಚುತ್ತೇನೆ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮುಂಚೆ ಕೂರಬೇಕು. ಒಲೆಯ ಮುಂದೆ ಎತ್ತರದ ಸ್ಟೂಲ್. ದೋಸೆ ಹುಯ್ಯುವುದು ನಮ್ಮವರ ಕೆಲಸ. ಮೊದಲ ಆರು ತಿಂಗಳು ಭೂಪಟ ಹುಯ್ದರು, ಈಗ ದುಂಡಗೆ ಬರುತ್ತದೆ.

ನಾಲ್ಕನೆಯದು ಚೆನ್ನೈನ ಸೆಕೆ. ಬಿಸಿಲಿಗೆ ರಕ್ತನಾಳ ಹಿಗ್ಗುತ್ತದೆ, ನಿಂತರೆ ರಕ್ತ ಕಾಲಿಗಿಳಿಯುತ್ತದೆ, ತಲೆ ಸುತ್ತುತ್ತದೆ. ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಲ್ಲಿ, ಇಲ್ಲಿಯವರು ಕತ್ತಿರಿ ಎನ್ನುವ ಆ ಕಾಲದಲ್ಲಿ, ನನ್ನ ಆರು ನಿಮಿಷ ಮೂರಾಗುತ್ತದೆ, ಪಾರ್ಕೂ ಇಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆ ದಿನಕ್ಕೆ ನಾಲ್ಕು ಲೋಟ. ನನ್ನ ರಕ್ತದೊತ್ತಡ ಕಡಿಮೆ ಇರುವುದರಿಂದ ವೈದ್ಯರು ಒಪ್ಪಿದ್ದಾರೆ, ಬಿಪಿ ಇರುವವರು ಇದನ್ನು ಮಾಡಬಾರದು. ಮಾರ್ಗಳಿ ಬಂದರೆ ಹಬ್ಬ. ತಂಪು ಹವೆಗೆ ಎಂಟು ನಿಮಿಷವೂ ನಡೆಯುತ್ತೇನೆ. ಕಛೇರಿಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂತು, ತನಿ ಆವರ್ತನಕ್ಕೆ ಮುಂಚೆ ಎದ್ದು ಬರುತ್ತೇನೆ.

ಐದನೆಯದು ಜನ ಮರೆಯುವಂಥದ್ದು: ತಲೆಯ ಕೆಲಸವೂ ಕೆಲಸವೇ. ಒಂದು ಗಂಟೆ ಫೋನಿನಲ್ಲಿ ಮಾತಾಡುವುದೂ ಒಂದು ಸುತ್ತು ನಡೆದಂತೆಯೇ ಖರ್ಚು. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಖರ್ಚಿದೆ. ಮೂವತ್ತು ವರ್ಷದ ನನ್ನ ತಮಿಳು, ಸೋತ ದಿನ ಮೊದಲು ಕೈಕೊಡುತ್ತದೆ. ಒಮ್ಮೆ ತರಕಾರಿಯವನ ಹತ್ತಿರ “ಸೌತೆಕಾಯಿ ಎಷ್ಟಪ್ಪಾ?” ಎಂದು ಕೇಳಿ, ಅವನು ಪಿಳಿಪಿಳಿ ನೋಡಿದಾಗಲೂ ‘ವೆಳ್ಳರಿಕ್ಕಾಯ್’ ಎಂಬ ಪದ ಬಾಯಿಗೆ ಬರಲೇ ಇಲ್ಲ. ತಮಿಳಿನ ನಂತರ ಇಂಗ್ಲಿಷ್ ಹೋಗುತ್ತದೆ. ಕನ್ನಡ ಕೊನೆಯವರೆಗೆ ಇರುತ್ತದೆ. ಈಗ ಮನೆಯಲ್ಲಿ ಅದೇ ಥರ್ಮಾಮೀಟರು: ಪಕ್ಕದ ಮನೆ ಮಾಮಿಗೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ನಮ್ಮವರು ಬಂದು “ಸಾಕು, ಮಲಗು” ಎನ್ನುತ್ತಾರೆ.

ಗಾಲಿಕುರ್ಚಿ

2022ರಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಹೋಗಬೇಕು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯ ಬೋಗಿಯವರೆಗೆ ನಡೆದರೆ ಅಮ್ಮನ ಮುಂದೆ ಮಾತಾಡಲು ನನ್ನಲ್ಲಿ ಏನೂ ಉಳಿಯುವುದಿಲ್ಲ. ನಮ್ಮವರು ಗಾಲಿಕುರ್ಚಿ ಕೇಳೋಣ ಎಂದರು. ನನಗೆ ನಾಚಿಕೆ. ಎರಡು ಕಾಲೂ ನೆಟ್ಟಗಿವೆಯಲ್ಲ! ಕೊನೆಗೆ ಕೂತೆ. ಬೋಗಿಯ ಬಾಗಿಲಲ್ಲಿ ನಾನು ಎದ್ದು ನಿಂತು ಮೆಟ್ಟಿಲು ಹತ್ತಿದಾಗ, ತಳ್ಳಿಕೊಂಡು ಬಂದಾತ ನನ್ನ ಕಾಲನ್ನೂ ಮುಖವನ್ನೂ ನೋಡಿದ. ಆ ನೋಟ ಇನ್ನೂ ಮರೆತಿಲ್ಲ.

ಆದರೆ ಮರುದಿನ ನಂಜನಗೂಡಿನಲ್ಲಿ ಅಮ್ಮನ ಮಂಚದ ಪಕ್ಕ ಎರಡು ಗಂಟೆ ಕೂತು ಮಾತಾಡಿದೆ. ಆಮೇಲೆ ಅವಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. “ಇಬ್ಬರೂ ಕಾಯಿಲೆಯವರೇ ಆದ್ವಲ್ಲೇ” ಎಂದು ಅಮ್ಮ ನಕ್ಕಳು. ಹದಿನೈದು ದಿನಕ್ಕೆ ಅವಳು ಹೋದಳು. ನಡೆದು ಉಳಿಸಿಕೊಳ್ಳುತ್ತಿದ್ದ ಮರ್ಯಾದೆಗಿಂತ, ನಡೆಯದೆ ಉಳಿದ ಆ ಎರಡು ಗಂಟೆ ನನಗೆ ದೊಡ್ಡದು. 2023ರಲ್ಲಿ ಮಗಳ ಮದುವೆಗೂ ಇದೇ ಲೆಕ್ಕ. ಮುಂಚೆ ಒಂದು ವಾರ ವಿಶ್ರಾಂತಿ, ಛತ್ರದಲ್ಲಿ ಒಂದು ಕತ್ತಲೆ ಕೋಣೆ, ಧಾರೆಗೆ ನಾನಿದ್ದೆ, ಊಟದ ಪಂಕ್ತಿಯಲ್ಲಿ ಇರಲಿಲ್ಲ. ಆಮೇಲೆ ಹನ್ನೊಂದು ದಿನ ಮಲಗಿದ್ದೆ. ಗೊತ್ತಿದ್ದೇ ಮಾಡಿದ ಖರ್ಚದು.

ಈ ಕಾಯಿಲೆಗೆ ಮದ್ದು ಇನ್ನೂ ಬಂದಿಲ್ಲ. ಸುಮಾರು ನಾಲ್ವರಲ್ಲಿ ಒಬ್ಬರು ಮನೆ ಅಥವಾ ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿಯಲ್ಲಿರುತ್ತಾರೆ. ಅವರ ಮುಂದೆ ನನ್ನ ಆರು ನಿಮಿಷ ಐಶ್ವರ್ಯ. ಸಕ್ಕರೆ ಕಾಯಿಲೆ, ಬಿಪಿ ಇರುವವರು ದಯವಿಟ್ಟು ನನ್ನನ್ನು ನೋಡಿ ವಾಕಿಂಗ್ ಬಿಡಬೇಡಿ, ನಿಮಗದು ಅಮೃತ. ಆದರೆ ನಿಮ್ಮ ಬಳಗದಲ್ಲಿ ಜ್ವರ ಬಂದುಹೋಗಿ ತಿಂಗಳುಗಟ್ಟಲೆ ಏಳಲಾರದವರು ಇದ್ದರೆ, ‘ಎದ್ದು ಓಡಾಡು’ ಎನ್ನುವ ಮುಂಚೆ ಒಂದು ಪ್ರಶ್ನೆ ಕೇಳಿ: “ಓಡಾಡಿದ ಮರುದಿನ ಹೇಗಿರ್ತೀಯ?” ಉತ್ತರ ಕೇಳುವಷ್ಟು ಹೊತ್ತು ಪಕ್ಕದಲ್ಲಿ ಕೂರಿ.

ನಾಗೇಶ್ವರ ರಾವ್ ಪಾರ್ಕಿನ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಆ ಹಿರಿಯರು ಇದನ್ನು ಓದಿದರೆ, ನಾಲ್ಕನೇ ಸುತ್ತಿನ ಮೇಲೆ ಬಂದು ಕೂರಲಿ. ಕನ್ನಡದಲ್ಲೇ ಮಾತಾಡೋಣ, ನನಗೆ ಖರ್ಚು ಕಡಿಮೆ.